ದಬ್ಬೆ ತೆಗೆದ ಅಂಗಳ

ಗೋಣಿಬೀಡು
೧೪ ನವೆಂಬರ್ ೨೦೨೪

ಪ್ರಿಯ ದೀಪಶ್ರೀ,

ನೀನು ಅಂಚೆ ಕೆಲಸಕ್ಕೆ ಸೇರಿದಾಗ ನಾನೊಂದು ತಮಾಷೆ ಮಾಡಿದ್ದೆ. ನಿನ್ನ ಹೆಸರಿಗೇ ಕಾಗದ ಹಾಕುತ್ತೇನೆ, ನೀನೇ ಚೀಲದಲ್ಲಿ ಹೊತ್ತು ತಂದು ನಿನ್ನ ಮನೆಯ ಬಾಗಿಲು ತಟ್ಟಿ ನೀನೇ ಇಸಿದುಕೋ ಎಂದಿದ್ದೆ. ಈಗ ಹಾಕುತ್ತಿದ್ದೇನೆ. ಹೊತ್ತು ತರುವವರು ಮಾತ್ರ ಬೇರೆ ಯಾರೋ.

ಫೋನ್ ಮಾಡದಿರುವುದಕ್ಕೆ ಕಾರಣ ಏಕಾಂತಪ್ಪ ಮಾವ. ಅಮ್ಮನ ಕಡೆಯ ನೆಂಟರು, ಮೂಡಿಗೆರೆಯಲ್ಲಿ ಲಾಯರು. ದೀಪಾವಳಿ ಪಾರ್ಟಿಯ ಸಂಜೆ ನೀನು ನಮ್ಮ ಅಂಗಳದಲ್ಲಿ ಬಿದ್ದ ಮಾರನೆಯ ದಿನವೇ ಬಂದು ಜಗಲಿಯಲ್ಲಿ ಕೂತರು. "ಫೋನಲ್ಲಿ ಏನೂ ಹೇಳಕ್ಕೆ ಹೋಗ್ಬೇಡ ಕಣಮ್ಮ. ಎಲ್ಲ ರೆಕಾರ್ಡ್ ಆಗುತ್ತೆ. ವಾಟ್ಸಾಪಲ್ಲಂತೂ ಒಂದಕ್ಷರನೂ ಬೇಡ. ಆಸ್ಪತ್ರೆಗೆ ಹೋಗೋದೂ ಬೇಡ" ಎಂದರು. ಕಾಗದದ ವಿಷಯ ಎತ್ತಲಿಲ್ಲ. ಈಗ ಯಾರೂ ಬರೆಯುವುದಿಲ್ಲವಲ್ಲ, ಅವರಿಗೆ ನೆನಪಾಗಿರಲಿಕ್ಕಿಲ್ಲ.

ನೀನು ಮಂಗಳೂರಿನ ಆಸ್ಪತ್ರೆಯಿಂದ ಕಳಸಕ್ಕೆ ವಾಪಸು ಬಂದೆ ಎಂದು ಅಮ್ಮನಿಗೆ ಯಾರೋ ಹೇಳಿದರಂತೆ. ಅವತ್ತು ಜೀಪಿನಲ್ಲಿ ಕೊಟ್ಟಿಗೆಹಾರದವರೆಗೆ ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ಅಲ್ಲಿ ನಿನ್ನ ಅಣ್ಣ ಕಲ್ಲೇಶ್ ಹತ್ತಿದ. ಜಾಗ ಇರಲಿಲ್ಲ, ನಾನು ಇಳಿದೆ. ಜೀಪು ಘಾಟಿಯ ಕಡೆ ತಿರುಗಿ ಅದರ ಕೆಂಪು ದೀಪ ಮಂಜಿನಲ್ಲಿ ಹೋಗುವವರೆಗೆ ಹೋಟೆಲಿನ ಮುಂದೆ ನಿಂತಿದ್ದೆ. ಹೋಟೆಲಿನವನು "ಯಾರಿಗೆ ಕಾಯ್ತಿದೀರಿ?" ಎಂದು ಕೇಳಿದ.

ಇಲ್ಲಿ ಈಗ ಮಳೆ ಪೂರ್ತಿ ಬಿಟ್ಟಿದೆ. ಕಾಫಿ ಹಣ್ಣು ಕೆಂಪಾಗುತ್ತಿದೆ. ಅಪ್ಪ ಕಣ ಸಾರಿಸಲು ಜನ ಹುಡುಕುತ್ತಿದ್ದಾರೆ. ನಮ್ಮ ಶಶಿಧರಣ್ಣ ಮನೆಗೆ ಸೇರಿಸಿ ಮಾಡಿದ ಹೋಮ್‌ಸ್ಟೇಗೆ ಕ್ರಿಸ್‌ಮಸ್ ರಜೆಯವರೆಗೂ ರೂಮುಗಳು ಬುಕ್ ಆಗಿವೆಯಂತೆ. ಬೆಳಿಗ್ಗೆ ಬಿಸಿಲು ಜಗಲಿಯ ಎರಡನೆಯ ಕಂಬದವರೆಗೆ ಬರುತ್ತದೆ, ಅಲ್ಲಿ ಕೂತು ಓದುತ್ತೇನೆ. ಓದಿದ್ದು ತಲೆಗೆ ಹೋಗುವುದಿಲ್ಲ.

ಇನ್ನೇನು ಬರೆಯಲಿ.

ನಿನ್ನ
ಭುವನಾ

*

ಕಳಸ
೩೦ ನವೆಂಬರ್ ೨೦೨೪

ಭುವನಾ,

ನಿನ್ನ ಕಾಗದ ಬಂತು. ರಶ್ಮಿ ತಂದುಕೊಟ್ಟಳು. ನನ್ನ ಚಿಕ್ಕಪ್ಪನ ಮಗಳು, ನಿನಗೆ ಗೊತ್ತಲ್ಲ, ನಗುವಾಗ ಬಾಯಿ ಮುಚ್ಚಿಕೊಳ್ಳುವವಳು. ನಮ್ಮ ಕೆಲಸದಲ್ಲಿ ರಜೆ ಹಾಕಿದರೆ ಬದಲಿಗೆ ನಾವೇ ಜನ ಕೊಡಬೇಕು. ಕೊಟ್ಟಿದ್ದೇನೆ. ಅವಳು ನನ್ನ ಚೀಲ ಹಾಕಿಕೊಂಡು ಗುಡ್ಡ ಹತ್ತಿ ಹೋಗುವುದನ್ನು ಕಿಟಕಿಯಿಂದ ನೋಡುತ್ತೇನೆ. ಚೀಲ ಎಡಗಡೆ ಹಾಕುತ್ತಾಳೆ. ಬಲಗಡೆ ಹಾಕು, ಇಳಿಯುವಾಗ ಗುಡ್ಡಕ್ಕೆ ಊರಲು ಎಡಗೈ ಬೇಕಾಗುತ್ತೆ ಅಂದರೆ ಕೇಳುವುದಿಲ್ಲ.

ಎಂ.ಎ. ಮಾಡಿದವಳು ನೀನು, ಒಂದು ಕಾಗದ ತುಂಬ ಮಳೆ, ಬಿಸಿಲು, ಕಂಬ ಬರೆದೆ. "ಕಾಲು ನೋಯುತ್ತಾ?" ಅಂತ ಒಂದು ಮಾತು ಬರೆಯಲು ಬರಲಿಲ್ಲವಾ ಮಾರಾಯ್ತಿ? ನಾನೇ ಹೇಳುತ್ತೇನೆ. ನೋಯುತ್ತದೆ. ಮೊಣಕಾಲಿನ ಕೆಳಗೆ ಎರಡೂ ಎಲುಬು ಮುರಿದಿವೆ, ಒಳಗೆ ಕಬ್ಬಿಣ ಇಟ್ಟಿದ್ದಾರೆ. ಚಳಿಗೆ ಅದು ಬೇರೆ ಯಾರದೋ ಸಾಮಾನು ನನ್ನ ಕಾಲೊಳಗೆ ಇಟ್ಟ ಹಾಗೆ ಅನ್ನಿಸುತ್ತದೆ. ನಡೆಯಬಹುದು, ಆದರೆ ಮೊದಲಿನ ಹಾಗೆ ಅಲ್ಲ ಎಂದರು ಡಾಕ್ಟರು. ಗುಡ್ಡ ಹತ್ತುವುದರ ಬಗ್ಗೆ ಕೇಳಿದೆ. ಫೈಲು ಮುಚ್ಚಿದರು.

ಕಲ್ಲೇಶಣ್ಣ ನಿಮ್ಮ ಮನೆಗೆ ಲಾಯರ ನೋಟೀಸು ಕಳಿಸುತ್ತಾನೆ. ನಾನು ಬೇಡ ಅಂದೆ. "ಅವ್ರ ಮನೆಗೆ ಕರ್ದು ಕಾಲು ಮುರ್ದು ಕಳ್ಸಿದಾರೆ, ಒಂದು ಮಾತು ಕೇಳಕ್ಕೂ ಬರ್ಲಿಲ್ಲ. ನಿಂಗೆ ಕೆಲ್ಸ ಹೋದ್ರೆ ಏನ್ ತಿಂತೀಯ, ಅವಳ ಸ್ನೇಹನಾ?" ಅಂದ.

ಒಂದು ಮಾತು ಕೇಳುತ್ತೇನೆ. ಅಡಿಕೆ ಮರ ಸೀಳಿ ಹಾಸಿದ ದಬ್ಬೆಗಳನ್ನು ಮಳೆ ಬಿಡುವವರೆಗೆ ಯಾರ ಅಂಗಳದಲ್ಲೂ ತೆಗೆಯುವುದಿಲ್ಲ. ನಮ್ಮಂಥ ಸಣ್ಣ ಮನೆಯಲ್ಲೂ ಗೇಟಿನಿಂದ ಬಾಗಿಲವರೆಗೆ ಹಾಕಿರುತ್ತೇವೆ, ಪಾಚಿಯ ಮೇಲೆ ಕಾಲಿಡಬಾರದು ಎಂದು. ಆಗಸ್ಟಿನಲ್ಲಿ ನಾನು ಬಂದಾಗ ನಿಮ್ಮ ಅಂಗಳದಲ್ಲೂ ಇತ್ತು. ದೀಪಾವಳಿಗೆ ಬಂದಾಗ ಇರಲಿಲ್ಲ. ಹನಿ ಇನ್ನೂ ಬೀಳುತ್ತಲೇ ಇತ್ತು. ದಬ್ಬೆ ಇದ್ದ ಜಾಗದಲ್ಲಿ ನಿನ್ನ ರಂಗೋಲಿ ಇತ್ತು, ನವಿಲು, ಸುತ್ತ ಹಣತೆ. ಅದನ್ನು ತುಳಿಯಬಾರದು ಎಂದು ಪಕ್ಕಕ್ಕೆ ಕಾಲಿಟ್ಟೆ.

ಅಷ್ಟೇ. ದಬ್ಬೆ ತೆಗೆದಿದ್ದೆವು ಎಂದು ನೀನು ಬರೆದರೆ ಸಾಕು. ನನಗೆ, ಬೇರೆ ಯಾರಿಗೂ ಅಲ್ಲ. ಇಲ್ಲಿ ಮಲಗಿ ಎಷ್ಟೋ ಸಲ ಆ ಹೆಜ್ಜೆಯನ್ನು ಮತ್ತೆ ಇಟ್ಟು ನೋಡಿದ್ದೇನೆ, ನನ್ನದೇ ತಪ್ಪೋ ಏನೋ ಎಂದು.

ದೀಪಶ್ರೀ

*

ಗೋಣಿಬೀಡು
೨೨ ಡಿಸೆಂಬರ್ ೨೦೨೪

ಪ್ರಿಯ ದೀಪಶ್ರೀ,

ಕಾಲು ಹೇಗಿದೆ? ಮೊದಲ ಕಾಗದದಲ್ಲೂ ಇದನ್ನು ಬರೆದಿದ್ದೆ, ಹೊಡೆದು ಹಾಕಿ ಬೇರೆ ಹಾಳೆಯಲ್ಲಿ ಬರೆದೆ. ಕೇಳಿದರೆ ಅದೂ ಏನನ್ನೋ ಒಪ್ಪಿಕೊಂಡ ಹಾಗಾಗುತ್ತದೋ ಎಂದು ಹೆದರಿದ್ದೆ.

ನಿನ್ನ ಅಣ್ಣನ ನೋಟೀಸು ಬಂತು. ಕಣದಲ್ಲಿ ಹಣ್ಣು ಹರಡುತ್ತಿದ್ದ ಅಪ್ಪ ಕೈ ಒರೆಸಿಕೊಂಡು ಸಹಿ ಹಾಕಿ ಇಸಿದುಕೊಂಡರು. ಓದಿ, ಮಡಚಿ, ಮತ್ತೆ ಬಿಚ್ಚಿ ಓದಿದರು. ಸಂಜೆ ಏಕಾಂತಪ್ಪ ಮಾವ ಬಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ನಿನಗೆ ಗೊತ್ತಲ್ಲ, ನಾನು ಯಾವತ್ತೂ ಅಲ್ಲೇ ನಿಲ್ಲುವುದು.

"ಕರ್ದು ಊಟ ಹಾಕಿದ್ದಕ್ಕೆ ಇದು ಬಂತು ನೋಡಿ ಮಾವ" ಎಂದರು ಅಪ್ಪ.

"ಊಟದ ವಿಷ್ಯ ಅಲ್ಲ ಮಲ್ಲಿಕಾರ್ಜುನಪ್ಪ. ಮನೆ ನಿಮ್ದು, ಅಂಗಳ ನಿಮ್ದು. ಕರೆಸ್ಕೊಂಡೋರು ಜಾರೋ ಜಾಗ ಜಾರೋ ಹಂಗೇ ಇಟ್ಟಿದ್ರು ಅಂತ ಆದ್ರೆ ಹೊಣೆ ನಿಮ್ಮ ತಲೆಗೇ."

"ಹೋಮ್‌ಸ್ಟೇಗೆ ಇನ್ಶೂರೆನ್ಸ್ ಇದ್ಯಲ್ಲ" ಎಂದ ಶಶಿಧರಣ್ಣ.

"ಅದು ದುಡ್ಡು ಕೊಟ್ಟು ಇಳ್ಕೊಂಡೋರಿಗೆ ಮಾರಾಯ. ಈ ಹುಡ್ಗಿ ನಿನ್ ತಂಗಿ ಕರ್ದಿದ್ದಕ್ಕೆ ಬಂದವ್ಳು."

ಅಣ್ಣ ನೋಟೀಸನ್ನು ಎತ್ತಿಕೊಂಡು ನೋಡಿದ. ಆಮೇಲೆ, "ಅಂಗಳದಲ್ಲಿ ಬಿದ್ರು ಅಂತ ಆನ್‌ಲೈನಲ್ಲಿ ಒಬ್ರು ಬರೆದ್ರೆ ಸಾಕು, ಮುಂದಿನ ವರ್ಷ ಒಬ್ರೂ ಬರಲ್ಲ. ಸಾಲ ಮಾಡಿ ರೂಮು ಕಟ್ಸಿದೀನಿ" ಎಂದ. ಅವನ ದನಿ ಸಣ್ಣ ಹುಡುಗನ ದನಿಯ ಹಾಗಿತ್ತು. ಅವನ ಮೇಲೂ ನನಗೆ ಸಿಟ್ಟು ಬರಲಿಲ್ಲ. ಅದೇ ನನ್ನ ರೋಗ ಇರಬೇಕು, ಬಾಗಿಲ ಹಿಂದೆ ನಿಂತವರಿಗೆ ಎಲ್ಲರೂ ಪಾಪ ಎನ್ನಿಸುತ್ತಾರೆ.

ನೋಟೀಸಿಗೆ ಉತ್ತರ ಹೋಗುತ್ತದೆ. ಅದರಲ್ಲಿ ಏನಿದ್ದರೂ ಅದು ಲಾಯರ ಭಾಷೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನೀನು ಕೇಳಿದ್ದಕ್ಕೆ ಇವತ್ತು ಉತ್ತರ ಬರೆಯಲು ಆಗುತ್ತಿಲ್ಲ. ನಾಲ್ಕು ಸಲ ಪೆನ್ನು ತೆಗೆದೆ. ನಾನು ಹೇಡಿ ಎಂದು ನಿನಗೆ ಹಾಸ್ಟೆಲಿನಿಂದಲೇ ಗೊತ್ತು. ಸೆಮಿನಾರಿನಲ್ಲಿ ನನ್ನ ಪ್ರಬಂಧವನ್ನು ನೀನೇ ಓದಿದ್ದೆ, ನನಗೆ ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿ.

ಭುವನಾ

*

ಕಳಸ
೨೦ ಜನವರಿ ೨೦೨೫

ಭುವನಾ,

ನಿಮ್ಮ ಲಾಯರ ಉತ್ತರ ರಿಜಿಸ್ಟರ್ ಪೋಸ್ಟಿನಲ್ಲಿ ಬಂತು. ರಶ್ಮಿಯೇ ತಂದಳು. ನಾನು ಊರವರಿಂದ ಹಾಕಿಸಿಕೊಳ್ಳುವ ಹಾಗೆ ಅವಳು ನನ್ನಿಂದ ಸಹಿ ಹಾಕಿಸಿಕೊಂಡಳು. ಇಬ್ಬರೂ ನಕ್ಕೆವು. ಆಮೇಲೆ ಬಿಚ್ಚಿದೆ.

ಅಂಗಳದಲ್ಲಿ ದಬ್ಬೆ ಹಾಸಿಯೇ ಇತ್ತಂತೆ. ನಾನೇ ಅದನ್ನು ಬಿಟ್ಟು ಪಕ್ಕಕ್ಕೆ ಹೋದೆನಂತೆ. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದ್ದೆನಂತೆ. ಅತಿಥಿಗಳಿಗೆಂದು ಮನೆಯಲ್ಲೇ ಮಾಡಿಟ್ಟಿದ್ದ ವೈನನ್ನು ಕುಡಿದು ಮೈಮೇಲೆ ಹಿಡಿತ ತಪ್ಪಿದ್ದೆನಂತೆ. ಇದಕ್ಕೆಲ್ಲ ಮನೆಯವರು ಸಾಕ್ಷಿ ಹೇಳಲಿದ್ದಾರಂತೆ. ಹೆಸರುಗಳಿವೆ. ಮೂರನೆಯ ಹೆಸರು ನಿನ್ನದು.

ನಾನು ಕುಡಿದದ್ದು ನಿಮ್ಮ ಮನೆಯ ಕಾಫಿ. ನೀನೇ ಸ್ಟೀಲ್ ಲೋಟದಲ್ಲಿ ತಂದುಕೊಟ್ಟೆ, ಪೇಟೆಯವರ ಜೊತೆ ಕೂರಲು ಇಬ್ಬರಿಗೂ ಸಂಕೋಚ ಎಂದು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಕುಡಿದೆವು. ಕಾಫಿ ಕುಡಿದು ಯಾರಾದರೂ ಓಲಾಡಿ ಬಿದ್ದದ್ದುಂಟಾ? ಹಾಗಾದರೆ ನಮ್ಮ ಜಿಲ್ಲೆಯಲ್ಲಿ ನಿಂತವರು ಯಾರೂ ಇರುತ್ತಿರಲಿಲ್ಲ.

ಚಪ್ಪಲಿ ಇಲ್ಲೇ ಮಂಚದ ಕೆಳಗಿದೆ. ಟಪಾಲು ಹಂಚಲು ಹಾಕುವ ಅದೇ ಚಪ್ಪಲಿ. ಇನ್ನೊಂದು ಜೊತೆ ನನ್ನ ಹತ್ತಿರ ಇಲ್ಲ ಎಂದು ನಿನಗೆ ಗೊತ್ತು.

ಇಲ್ಲಿ ಈ ಸುದ್ದಿ ಹೇಗೆ ಹೊರಗೆ ಹೋಯಿತೋ ತಿಳಿಯದು. ಮೊನ್ನೆ ಊರುಗೋಲು ಹಿಡಿದು ಅಂಗಡಿಯವರೆಗೆ ಹೋಗಿದ್ದೆ. ಅಂಗಡಿಯ ಶಂಕರಮ್ಮ ಸಕ್ಕರೆ ಕಟ್ಟುತ್ತ, "ಪಾರ್ಟಿಲಿ ಸ್ವಲ್ಪ ಜಾಸ್ತಿ ಆಗಿತ್ತಂತಲ್ಲೇ" ಎಂದರು. ಬಯ್ಯಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಅವರ ಮನೆಯ ಪೆನ್ಶನ್ ಹಣವನ್ನು ತಿಂಗಳು ತಿಂಗಳು ನಾನೇ ಎಣಿಸಿ ಕೊಡುತ್ತಿದ್ದುದು. ಕಾಲು ಕೂಡಿಕೊಳ್ಳಬಹುದು ಭುವನಾ. ಈ ಮಾತನ್ನು ಯಾರು ನೆಟ್ಟಗೆ ಮಾಡುತ್ತಾರೆ?

ಇನ್ನು ಬರೆಯಬೇಡ. ನಿನ್ನ ಬಿಸಿಲು ಎಷ್ಟನೆಯ ಕಂಬಕ್ಕೆ ಬಂತು ಎಂದು ತಿಳಿದು ನನಗೇನೂ ಆಗಬೇಕಾಗಿಲ್ಲ.

ದೀಪಶ್ರೀ

*

ಗೋಣಿಬೀಡು
೯ ಫೆಬ್ರವರಿ ೨೦೨೫

ದೀಪಶ್ರೀ,

ಬರೆಯಬೇಡ ಎಂದೆ. ಇದೊಂದನ್ನು ಓದು.

ಸಾಕ್ಷಿಯಾಗಿ ನಾನು ಇನ್ನೂ ಸಹಿ ಹಾಕಿಲ್ಲ.

ಭುವನಾ

*

ಗೋಣಿಬೀಡು
೧೮ ಮಾರ್ಚ್ ೨೦೨೫

ಪ್ರಿಯ ದೀಪಶ್ರೀ,

ನಿನ್ನಿಂದ ಉತ್ತರ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಮೊನ್ನೆ ಸಂಜೆ ಮೊದಲ ಮಳೆ ಬಿತ್ತು. ಇಷ್ಟರಲ್ಲೇ ಕಾಫಿ ಹೂ ಬಿಟ್ಟು ತೋಟ ಬಿಳಿಯಾಗುತ್ತದೆ. ಕಳೆದ ವಾರ ಏಕಾಂತಪ್ಪ ಮಾವ ಟೈಪ್ ಮಾಡಿದ ಹೇಳಿಕೆ ತಂದಿದ್ದರು. ಅಪ್ಪ, ಅಣ್ಣ ಆಗಲೇ ಸಹಿ ಹಾಕಿದ್ದರು. ನನ್ನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಇತ್ತು. "ಇಲ್ಲಿ ಹಾಕಮ್ಮ" ಎಂದರು. ನಾನು ಓದುತ್ತೇನೆ ಎಂದೆ. ಓದಿ, "ಇದು ಹೀಗಿರ್ಲಿಲ್ಲ ಮಾವ" ಎಂದೆ. ದನಿ ಎಷ್ಟು ಸಣ್ಣಗಿತ್ತೆಂದರೆ ಅವರು ಇನ್ನೊಮ್ಮೆ ಕೇಳಿದರು, ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ.

"ಸಾಹಿತ್ಯ ಓದ್ಸಿದ್ದಕ್ಕೆ ಇದು" ಎಂದು ಅಣ್ಣ ಎದ್ದು ಹೋದ.

ಅಪ್ಪ ಬಯ್ಯಲಿಲ್ಲ. ನೆಲ ನೋಡುತ್ತ ಹೇಳಿದರು: "ಆ ಹುಡ್ಗಿ ಬಿದ್ದಾಗ ಮೊದ್ಲು ಓಡಿ ಎತ್ತಿದ್ದು ನಾನು. ಜೀಪು ಕಳ್ಸಿದ್ದೂ ನಾನೇ. ಕಾಲಿಗೆ ಕಟ್ಟಕ್ಕೆ ನನ್ ಹೊಸ ಪಂಚೆ ಹರ್ದು ಕೊಟ್ಟೆ. ಅವ್ರ ನೋಟೀಸಲ್ಲಿ ಅದು ಒಂದಾದ್ರೂ ಇದ್ಯಾ?"

"ಅದನ್ನೂ ಬರೀತೀನಿ ಅಪ್ಪ" ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಹೊರಗೆ ಹೋದರು. ಅವತ್ತಿನಿಂದ ನನ್ನ ಹತ್ತಿರ ಮಾತಿಲ್ಲ. ನಾನು ಎದುರಿಗಿದ್ದರೂ ಕಾಫಿ ಬೇಕೆಂದರೆ ಅಮ್ಮನನ್ನು ಕರೆದು ಕೇಳುತ್ತಾರೆ. ಅಮ್ಮ ನನಗೆ ಹೇಳುತ್ತಾಳೆ, ನಾನು ಮಾಡಿ ಅಮ್ಮನ ಕೈಗೆ ಕೊಡುತ್ತೇನೆ. ಇಷ್ಟು ದೊಡ್ಡ ಮನೆಯಲ್ಲಿ ಒಂದು ಲೋಟ ಅಷ್ಟು ದೂರ ಸುತ್ತಿ ಹೋಗುತ್ತದೆ.

ಈಗ ಬರೆಯುವುದನ್ನು ನಿನ್ನ ಅಣ್ಣನ ಲಾಯರಿಗೆ ಕೊಡು. ನನ್ನ ಒಪ್ಪಿಗೆ ಇದೆ.

ಬಲಿಪಾಡ್ಯಮಿಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಇಳಿದುಕೊಂಡಿದ್ದ ಪೇಟೆಯ ಒಂದು ಕುಟುಂಬದವರು ಅಂಗಳದ ದಬ್ಬೆಗಳನ್ನು ನೋಡಿ, ಫೋಟೋದಲ್ಲಿ ಮುರಿದ ಬೇಲಿಯ ಹಾಗೆ ಕಾಣುತ್ತದೆ ಎಂದರು. ಅಣ್ಣ ಅವನ್ನು ತೆಗೆಸಿ ಕೊಟ್ಟಿಗೆಯ ಹಿಂದೆ ಹಾಕಿಸಿದ. ಅಪ್ಪ ನೋಡಿ "ಒಂದಿನ ತಾನೆ" ಎಂದರು. ಅಮ್ಮ "ಇನ್ನೂ ಹನಿ ಬೀಳ್ತಿದೆ, ಬೇಡ" ಎಂದಳು. ಚಪ್ಪಡಿಯ ಮೇಲಿನ ಪಾಚಿಯನ್ನು ಕೆರೆಯಲು ಹೊತ್ತಿರಲಿಲ್ಲ. ಅದು ಕಾಣಬಾರದು ಎಂದು ಅದರ ಮೇಲೆ ನಾನು ರಂಗೋಲಿ ಹಾಕಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಹನಿ ಬಂದು ಬಣ್ಣ ಕದಡಿತ್ತು. ದೀಪಶ್ರೀ ಅಡುಗೆಮನೆಯ ಕಡೆಯಿಂದ ಹಣತೆಯ ಎಣ್ಣೆ ತರುತ್ತಿದ್ದಳು. ಅವಳು ಕುಡಿದದ್ದು ಕಾಫಿ, ನಾನೇ ಕೊಟ್ಟದ್ದು. ಅವಳ ಕಾಲಲ್ಲಿ ಚಪಾತಿಯ ಹಾಗೆ ಸವೆದ ಚಪ್ಪಲಿ ಇತ್ತು. ರಂಗೋಲಿಯ ಪಕ್ಕದಲ್ಲಿ ಕಾಲಿಟ್ಟಳು, ಜಾರಿದಳು. ಬೀಳುವಾಗಲೂ ಎಣ್ಣೆಯ ಗಿಂಡಿಯನ್ನು ಎತ್ತಿ ಹಿಡಿದಿದ್ದಳು. ನನ್ನ ತಂದೆ ಮಲ್ಲಿಕಾರ್ಜುನಪ್ಪನವರು ಎಲ್ಲರಿಗಿಂತ ಮೊದಲು ಓಡಿ ಬಂದು ಎತ್ತಿದರು, ಕಾಲಿಗೆ ಕಟ್ಟಲು ತಮ್ಮ ಪಂಚೆ ಹರಿದು ಕೊಟ್ಟರು, ಜೀಪಿನಲ್ಲಿ ಕಳಿಸಿದರು. ಅಂಗಳ ಜಾರುತ್ತದೆ ಎಂದು ನಮಗೆಲ್ಲರಿಗೂ ಗೊತ್ತಿತ್ತು. ಅವಳಿಗೆ ಯಾರೂ ಹೇಳಲಿಲ್ಲ. ನಾನು ಕಿಟಕಿಯಲ್ಲಿ ನಿಂತು ಅವಳು ಬರುವುದನ್ನು ನೋಡುತ್ತಿದ್ದೆ.

ತಪ್ಪು ನಮ್ಮದು, ದೀಪಶ್ರೀ. ನಿನ್ನ ಹೆಜ್ಜೆಯದಲ್ಲ.

ಭುವನಾ
(ಮಲ್ಲಿಕಾರ್ಜುನಪ್ಪನವರ ಮಗಳು ಎಂ. ಭುವನಾ)

*

ಕಳಸ
೨೪ ಏಪ್ರಿಲ್ ೨೦೨೫

ಭುವನಾ,

ನಿನ್ನ ಕಾಗದವನ್ನು ಎರಡು ದಿನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಮೂರನೆಯ ದಿನ ಕಲ್ಲೇಶಣ್ಣನ ಕೈಗೆ ಕೊಟ್ಟೆ. ಅವನು ನಿಂತೇ ಓದಿದ. ಪಂಚೆಯ ಭಾಗ ಬಂದಾಗ ನನ್ನ ಮುಖ ನೋಡಿದ. ಕಾಲಿಗೆ ಕಟ್ಟಿದ್ದು ಯಾರ ಪಂಚೆ ಎಂದು ಅವನಿಗೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಕತ್ತರಿಸಿ ಎಸೆದಿದ್ದರು.

ನಮ್ಮ ಲಾಯರು ಒಳ್ಳೆಯ ಮನುಷ್ಯ. "ಈ ಹುಡ್ಗಿ ಮಳೆ, ತೋಟ ಎಲ್ಲ ಬರೆದಿದ್ದಾಳಲ್ಲ, ಕೋರ್ಟಿಗೆ ಅದ್ಯಾಕೆ" ಎಂದು ನಕ್ಕರು. ಆಮೇಲೆ ಹಳದಿ ಪೆನ್ನಿನಲ್ಲಿ ಸಾಲು ಸಾಲಾಗಿ ಗೀಟು ಎಳೆದರು. ಮೂಲೆಗೆ ಪಿನ್ ಹೊಡೆದು ಮೇಲೆ ನಂಬರು ಬರೆದು ಫೈಲಿಗೆ ಸೇರಿಸಿದರು. ಅಸಲು ಅಲ್ಲೇ ಇರಬೇಕಂತೆ. ನನಗೆ ಜೆರಾಕ್ಸ್ ಕೊಟ್ಟರು. ಜೆರಾಕ್ಸಿನಲ್ಲಿ ಗೀಟು ಎಳೆದ ಕಡೆಯೆಲ್ಲ ಕಪ್ಪಾಗಿ ಬಂದಿದೆ. "ತಪ್ಪು ನಮ್ಮದು" ಎನ್ನುವ ಸಾಲು ಓದಲು ಆಗುವುದಿಲ್ಲ. ಪರವಾಗಿಲ್ಲ, ನನಗೆ ಬಾಯಿಪಾಠ ಬರುತ್ತದೆ.

ಕೋರ್ಟಿಗೆ ಹೋಗುವುದಿಲ್ಲ. ನಿನ್ನ ಕಾಗದದ ನಕಲು ತಲುಪಿದ ಮೇಲೆ ನಿಮ್ಮ ಏಕಾಂತಪ್ಪ ಮಾವನೇ ಫೋನ್ ಮಾಡಿದರಂತೆ. ಆಸ್ಪತ್ರೆಯ ಖರ್ಚು, ಮುಂದಿನ ಚಿಕಿತ್ಸೆ ನಿಮ್ಮ ಅಪ್ಪ ನೋಡಿಕೊಳ್ಳುತ್ತಾರೆ. ವೈನಿನ ಮಾತು ವಾಪಸು ತೆಗೆದುಕೊಂಡು ಬರೆದುಕೊಟ್ಟಿದ್ದಾರೆ. ಅದನ್ನು ಮಡಚಿ ಅಂಗಡಿಗೆ ಹೋಗಿ ಶಂಕರಮ್ಮನಿಗೆ ಓದಿ ಹೇಳಿದೆ. "ಅಯ್ಯೋ ನಾನು ನಂಬೇ ಇರ್ಲಿಲ್ಲ ಬಿಡೇ" ಎಂದರು. ನಂಬಿದ್ದರು. ಒಂದು ತುಂಡು ಬೆಲ್ಲ ಜಾಸ್ತಿ ಹಾಕಿದರು.

ನಡೆಯುತ್ತೇನೆ. ಬಲಗಾಲು ಸ್ವಲ್ಪ ಎಳೆಯುತ್ತದೆ, ಊರುಗೋಲು ಇನ್ನೂ ಬೇಕು. ಗುಡ್ಡದ ಕೆಲಸ ಆಗದು. ಆಫೀಸಿನಲ್ಲಿ ಕೂತು ಸೀಲು ಹೊಡೆಯುವ ಜಾಗ ಕೊಡಬಹುದು, ಕೇಳಿಕೊಂಡಿದ್ದೇನೆ. ಚೀಲ ಇನ್ನು ರಶ್ಮಿಯದೇ. ಈಗ ಅದನ್ನು ಬಲಗಡೆ ಹಾಕುತ್ತಾಳೆ.

ರಾಜಿ ಪತ್ರದಲ್ಲಿ ಒಂದು ಸಾಲು ಇದೆ. ಎರಡು ಕಡೆಯವರೂ ಈ ಘಟನೆಯನ್ನು ಮುಂದೆ ಎಲ್ಲೂ ಪ್ರಸ್ತಾಪಿಸಕೂಡದು. ನಾನು ಸಹಿ ಹಾಕಿದೆ. ಅಂದರೆ ನಾವಿಬ್ಬರೂ ಇನ್ನು ಅದರ ಬಗ್ಗೆ ಮಾತಾಡುವ ಹಾಗಿಲ್ಲ. ನಿನಗೆ ನಾನು ಹೇಳಬೇಕೆಂದುಕೊಂಡದ್ದು ಎಷ್ಟೋ ಇತ್ತು.

ಅಷ್ಟು ತಿಂಗಳು ಕಾದ ಕಾಗದ ಫೈಲಿಗೆ ಹೋಯಿತು ಭುವನಾ. ನನಗೆ ಬಂದದ್ದು ನನ್ನ ಹತ್ತಿರ ಇಲ್ಲ. ಇನ್ನೊಂದು ಬರಿ. ಯಾವ ಲಾಯರಿಗೂ ಕೆಲಸಕ್ಕೆ ಬಾರದ್ದು. ಬೇಕಾದರೆ ಬಿಸಿಲು, ಕಂಬ ಎಲ್ಲ ಬರಿ.

ನಿನ್ನ
ದೀಪಶ್ರೀ

*

ಗೋಣಿಬೀಡು
೨೫ ಮೇ ೨೦೨೫

ಪ್ರಿಯ ದೀಪಶ್ರೀ,

ಬಿಸಿಲು ಈಗ ಯಾವ ಕಂಬಕ್ಕೂ ಬರುವುದಿಲ್ಲ. ಮೋಡ ಕಟ್ಟಿ ವಾರವಾಯಿತು. ಶಶಿಧರಣ್ಣ ರೂಮುಗಳಿಗೆ ಬೀಗ ಹಾಕಿದ್ದಾನೆ, ಮಳೆಗಾಲಕ್ಕೆ ಯಾರೂ ಬರುವುದಿಲ್ಲವಲ್ಲ. ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸುತ್ತದೆ. ಕಾಫಿ ಲೋಟ ಇನ್ನೂ ಅಮ್ಮನ ಕೈ ದಾಟಿಯೇ ಹೋಗುತ್ತದೆ.

ಈ ಸಲ ಅಂಗಳಕ್ಕೆ ದಬ್ಬೆಯನ್ನು ನಾನೇ ಹಾಕಿದೆ, ಮಳೆ ಹಿಡಿಯುವ ಮೊದಲೇ. ಕೊಟ್ಟಿಗೆಯ ಹಿಂದೆ ಹಳೆಯವು ಗೆದ್ದಲು ಹಿಡಿದಿದ್ದವು. ಹೊಸದನ್ನು ಸೀಳಿಸಿದೆ. ನಮ್ಮಲ್ಲಿ ಯಾವಾಗಲೂ ನಡುವೆ ನಾಲ್ಕು ಬೆರಳು ಸಂದು ಬಿಟ್ಟು ಹಾಕುತ್ತಾರೆ. ನಾನು ಸಂದೇ ಬಿಡದೆ ಒತ್ತೊತ್ತಾಗಿ ಹಾಕಿದ್ದೇನೆ. ಗೇಟಿನಿಂದ ಶುರುವಾಗಿ ಜಗಲಿಯವರೆಗೆ, ಅಲ್ಲಿಂದ ಅಡುಗೆಮನೆಯ ಮೆಟ್ಟಿಲವರೆಗೂ. ಕೋಲಿನ ತುದಿ ಇಟ್ಟರೂ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ.

ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಗೇಟಿನ ಹತ್ತಿರ ಅಲುಗುತ್ತಿದ್ದ ಒಂದು ದಬ್ಬೆಯ ಕೆಳಗೆ ಯಾರೋ ಕಲ್ಲು ಕೊಟ್ಟಿದ್ದರು.

ನೀನು ಬರಬೇಕೆಂದು ಬರೆಯುತ್ತಿಲ್ಲ. ಅದನ್ನು ಕೇಳುವುದಕ್ಕೆ ನನಗೆ ಬಾಯಿಲ್ಲ. ದಿನಾ ಸಂಜೆ ಅದರ ಮೇಲೆ ಗೇಟಿನವರೆಗೆ ಹೋಗಿ ಬರುತ್ತೇನೆ. ನಿನ್ನೆ ರಾತ್ರಿಯೆಲ್ಲ ಮಳೆ ಬಂದಿತ್ತು. ಇವತ್ತು ಬಲಗಾಲು ಸ್ವಲ್ಪ ಎಳೆದುಕೊಂಡು ನಡೆದು ನೋಡಿದೆ. ಜಾರುವುದಿಲ್ಲ.

ನಿನ್ನ
ಭುವನಾ